ಹೊಲವಿಲ್ಲದ ಒಡೆಯರು

ಪೋಲಂಡಿನ ಹಳೆಯ ಕುಲೀನ ವರ್ಗಕ್ಕೆ ‘ಶ್ಲಾಖ್ತಾ’ ಎಂದು ಹೆಸರು. ಇಷ್ಟು ಬಿಗುಮಾನದ ಮಾತು ಪೋಲಿಷ್ ನೆಲದಲ್ಲಿ ಹುಟ್ಟಿದ್ದೇ ಅಲ್ಲವೆಂಬುದು ಮೊದಲ ಸ್ವಾರಸ್ಯ. ವಂಶ, ಪೀಳಿಗೆ ಎಂಬ ಅರ್ಥದ ‘ಸ್ಲಹ್ತ’ ಎಂಬ ಹಳೆಯ ಜರ್ಮನ್ ಪದವು ಚೆಕ್ ಭಾಷೆಯಲ್ಲಿ ‘ಶ್ಲೆಖ್ತಾ’ ಆಗಿ, ಅಲ್ಲಿಂದ ಪೋಲಿಷಿಗೆ ಬಂದು ನೆಲೆಸಿತು. ವಂಶಲಾಂಛನವನ್ನು ಸೂಚಿಸುವ ‘ಹೆರ್ಬ್’ ಕೂಡ, ಪಿತ್ರಾರ್ಜಿತವೆಂಬ ಅರ್ಥದ ಜರ್ಮನ್ ಪದದಿಂದ ಹೊರಟು, ಅದೇ ದಾರಿ ಹಿಡಿದು ಬಂದದ್ದು. ಕುಲಶುದ್ಧಿಗಾಗಿ ಅಷ್ಟೊಂದು ತಲೆಕೆಡಿಸಿಕೊಂಡವರು ಅದನ್ನು ಹೇಳಿಕೊಳ್ಳುವುದಕ್ಕೆ ನೆರೆಮನೆಯಿಂದ ಕಡ ತಂದ ಮಾತುಗಳನ್ನೇ ನೆಚ್ಚಿಕೊಂಡಿದ್ದರು.

ಈ ಪದವನ್ನು ‘ಕಡಿ, ಕೊಲ್ಲು’ ಎಂಬ ಜರ್ಮನ್ ಕ್ರಿಯಾಪದಕ್ಕೆ ಗಂಟುಹಾಕಿ, ರಣರಂಗದಲ್ಲಿ ಕತ್ತಿ ಬೀಸಿದವರೇ ಶ್ಲಾಖ್ತಾ ಎಂದು ವಿವರಿಸಿದವರೂ ಉಂಟು. ಬಹಳ ಹಿಂದಕ್ಕೆ ಹೋದರೆ ಎರಡೂ ‘ಹೊಡೆ’ ಎಂಬ ಒಂದೇ ಧಾತುವಿಗೆ ಸೇರುತ್ತವಾದರೂ, ಪೋಲಿಷಿಗೆ ಬರುವ ಹೊತ್ತಿಗೆ ಈ ಪದಕ್ಕೆ ಉಳಿದಿದ್ದದ್ದು ವಂಶವೆಂಬ ಅರ್ಥವೇ. ಆದರೆ ಹುಟ್ಟಿದ್ದೇ ಸಾಧನೆ ಎನ್ನುವುದಕ್ಕಿಂತ ಹೋರಾಡಿ ಗಳಿಸಿದೆವು ಎನ್ನುವುದು ಯಾರಿಗೆ ಹಿತವಲ್ಲ?

ಪದದ ನಿಜವಾದ ತೂಕ ತಿಳಿಯಬೇಕಾದರೆ ಸಿರಿವಂತರನ್ನು ಬಿಟ್ಟು ಮಜೋವಿಯಾ, ಪೊದ್ಲಾಶೆ ಪ್ರದೇಶಗಳ ಬಡ ಶ್ಲಾಖ್ತಾ ಮನೆಗಳತ್ತ ನೋಡಬೇಕು. ಜನಸಂಖ್ಯೆಯ ಶೇಕಡಾ 8ರಿಂದ 10ರಷ್ಟಿದ್ದ ಈ ವರ್ಗದಲ್ಲಿ ತಮ್ಮ ತುಂಡು ಹೊಲವನ್ನು ತಾವೇ ಉಳುವವರೂ, ಹೊಲವೇ ಇಲ್ಲದವರೂ ಬಹಳ ಮಂದಿ ಇದ್ದರು. ಆದರೂ ‘ತನ್ನ ಹಿತ್ತಿಲಲ್ಲಿ ನಿಂತ ಶ್ಲಾಖ್ತಾ ಪ್ರಾಂತಾಧಿಪತಿಗೆ ಸಮ’ ಎಂಬುದು ಅವರ ಗಾದೆ. ಅದು ಬರಿಯ ಜಂಭವಾಗಿರಲಿಲ್ಲ. 1573ರಲ್ಲಿ ವಾರ್ಸಾದ ಬಳಿಯ ಬಯಲಿನಲ್ಲಿ ಸೇರಿ ಫ್ರಾನ್ಸಿನ ಹೆನ್ರಿಯನ್ನು ಅರಸನನ್ನಾಗಿ ಆರಿಸಿದಾಗ, ಅಂಥ ಬಡ ಶ್ಲಾಖ್ತಾಗೂ ಮತವಿತ್ತು. ಆ ಅರಸ ಮರುವರ್ಷವೇ ರಾತ್ರೋರಾತ್ರಿ ಓಡಿಹೋದದ್ದು ಬೇರೆ ಮಾತು. ಈ ಸಮಾನತೆ ಬೇಲಿಯ ಒಳಗಿನವರಿಗೆ ಮಾತ್ರ ಎಂಬುದನ್ನು, ಒಡೆಯರ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೇಲಿಯಿದ್ದ ಮೇಲೆ ಹಾರುವವರೂ ಇರಲೇಬೇಕು. ಹದಿನೇಳನೆಯ ಶತಮಾನದಲ್ಲಿ ವಾಲೆರಿಯನ್ ನೆಕಾಂದಾ ತ್ರೆಪ್ಕಾ ಎಂಬಾತ, ಕುಲೀನರೆಂದು ಸುಳ್ಳು ಹೇಳಿಕೊಳ್ಳುವವರನ್ನು ಹುಡುಕಿ ಹುಡುಕಿ, ಸುಮಾರು 2,500 ಹೆಸರುಗಳನ್ನು ಬರೆದಿಟ್ಟ. ಆ ಪಟ್ಟಿಯ ಹಿಂದಿನ ಆಸ್ಥೆಯನ್ನು ನೆನೆದರೆ ನಗುವೂ ಅಂಜಿಕೆಯೂ ಒಟ್ಟಿಗೇ ಬರುತ್ತವೆ.

1921ರ ಸಂವಿಧಾನವು ವಂಶದ ಹಕ್ಕುಗಳಿಗೆ ಮನ್ನಣೆಯನ್ನು ನಿಲ್ಲಿಸಿತು. ಒಂದು ಕಾಲಕ್ಕೆ ಕುಲೀನರಿಗೆ ಮೀಸಲಾಗಿದ್ದ ‘ಪಾನ್’, ಅಂದರೆ ಒಡೆಯ, ಎಂಬ ಸಂಬೋಧನೆಯು ಈಗ ಟ್ರಾಮ್ ಓಡಿಸುವವನಿಗೂ ತರಕಾರಿ ಮಾರುವವನಿಗೂ ಸಲ್ಲುತ್ತದೆ.