ಹೊರುವವರಿಗೂ ಒಂದು ಗತ್ತು ಇತ್ತು

ಫ್ರೆಂಚಿನಲ್ಲಿ ಹೊರೆ ಹೊರುವವನಿಗೆ ‘ಪೋರ್ತೋರ್’ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ‘ಪೋರ್ತಾರೆ’ ಅಂದರೆ ಹೊರು. ಈ ಹೆಸರು ಅಲ್ಲಿಂದ ಬಂದದ್ದು. ಇಂಗ್ಲಿಷಿನ ಪೋರ್ಟರ್ ಕೂಡ ಹಳೆಯ ಫ್ರೆಂಚಿನಿಂದಲೇ ಹೋದದ್ದು. ನಮ್ಮ ರೈಲು ನಿಲ್ದಾಣಗಳಲ್ಲಿ ಅದೇ ಮನುಷ್ಯನಿಗೆ ‘ಕೂಲಿ’ ಅಂತೀವಿ. ಅದು ಅವನ ಕೆಲಸದ ಹೆಸರಲ್ಲ, ಅವನ ಕೈಗೆ ನಾವು ಇಡುವ ದುಡ್ಡಿನ ಹೆಸರು. ಪ್ಯಾರಿಸ್ಸಿಗೆ ಬಂದ ಮೇಲೆ ಇದು ನನ್ನನ್ನು ತುಂಬಾ ಕಾಡಿದೆ.

ಇಲ್ಲಿ ಈಗ ಹೊರುವವರು ಕಾಣುವುದು ಅಪರೂಪ. ಅವರವರ ಪೆಟ್ಟಿಗೆ ಅವರವರೇ ಎಳೆದುಕೊಂಡು ಹೋಗುತ್ತಾರೆ. ಮೆಟ್ರೋ ಮೆಟ್ಟಿಲ ಹತ್ತಿರ ಮಗುವಿನ ತಳ್ಳುಗಾಡಿ ಹಿಡಿದು ಯಾರಾದರೂ ನಿಂತರೆ, ಗುರುತಿಲ್ಲದವರೇ ಬಂದು ಇನ್ನೊಂದು ತುದಿ ಎತ್ತುತ್ತಾರೆ. ಇದು ನನಗೆ ತುಂಬಾ ಇಷ್ಟ. ಪದವೇನೋ ಇನ್ನೂ ಓಡಾಡುತ್ತಿದೆ. ದೊಡ್ಡ ವಿಮಾನಕ್ಕೆ ಇಲ್ಲಿ ‘ಗ್ರೋ ಪೋರ್ತೋರ್’ ಅಂತಾರೆ, ಅಂದರೆ ದೊಡ್ಡ ಹೊರುವವನು.

ಹಿಂದೆ ಪ್ಯಾರಿಸ್ಸಿನಲ್ಲಿ ಮನೆಮನೆಗೆ ನಲ್ಲಿ ಇರಲಿಲ್ಲ. ಬಕೆಟ್ಟುಗಳಲ್ಲಿ ನೀರು ಹೊತ್ತು ಮಹಡಿ ಹತ್ತುವವರೇ ಇದ್ದರು. ಅವರಲ್ಲಿ ಬಹಳ ಜನ ಓವೆರ್ನ್ಯ ಎಂಬ ಬೆಟ್ಟದ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು. ಆದರೆ ನನ್ನ ಮನಸ್ಸು ಸೆಳೆದದ್ದು ಊರ ನಡುವೆ ಇದ್ದ ಲೆ ಆಲ್ ಮಾರುಕಟ್ಟೆಯ ಹಮಾಲರು. ಅವರಿಗೆ ‘ಫೋರ್’ ಅಂತ ಹೆಸರು, ಅಂದರೆ ಬಲಶಾಲಿ. ಕೆಲಸಕ್ಕೆ ಸೇರಬೇಕಾದರೆ 200 ಕಿಲೋ ಭಾರ ಹೊತ್ತು 60 ಮೀಟರ್ ನಡೆದು ತೋರಿಸಬೇಕಿತ್ತು! ತಲೆಗೆ ಅಗಲ ಅಂಚಿನ ಟೋಪಿ, ಗುರುತಿಗೆ ಬಿಲ್ಲೆ. ಮೇ 1ಕ್ಕೆ ದೇಶದ ಅಧ್ಯಕ್ಷರಿಗೆ ‘ಮ್ಯೂಗೆ’ ಹೂವು ಕೊಡುತ್ತಿದ್ದವರೂ ಇವರೇ. 1969ರಲ್ಲಿ ಮಾರುಕಟ್ಟೆ ಊರಾಚೆಯ ರಂಜಿಸ್‌ಗೆ ಹೋಯಿತು, ಆ ಕಾಲವೂ ಮುಗಿಯಿತು.

ಬಿಲ್ಲೆ ನಮ್ಮವರಿಗೂ ಇದೆ. ಬೆಂಗಳೂರಿನ ನಿಲ್ದಾಣದಲ್ಲಿ ಕೆಂಪು ಅಂಗಿಯ ತೋಳಿಗೆ ಅದನ್ನು ಕಟ್ಟಿಕೊಂಡು, ಟವೆಲ್ ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಎರಡು ಸೂಟ್‌ಕೇಸ್ ಏರಿಸಿ, ಕತ್ತು ಒಂದಿಷ್ಟೂ ವಾಲದಂತೆ ಮೆಟ್ಟಿಲು ಹತ್ತುತ್ತಾರೆ. ಅದು ಸುಮ್ನೆ ಬರುವ ವಿದ್ಯೆ ಅಲ್ಲ, ಅಲ್ವಾ? ಆದರೂ ಕೆಳಗೆ ನಿಂತು ಹತ್ತು ರೂಪಾಯಿಗೆ ಚೌಕಾಸಿ ಮಾಡುವವರೇ ಜಾಸ್ತಿ.

2016ರ ರೈಲ್ವೆ ಬಜೆಟ್‌ನಲ್ಲಿ ಅವರಿಗೆ ‘ಸಹಾಯಕ್’ ಅಂತ ಹೊಸ ಹೆಸರು ಬಂತು. ಹೆಸರು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತಿಂಗಳ ಸಂಬಳ ಬರಲಿಲ್ಲ. ಇವತ್ತಿಗೂ ಅವರ ಕೈಯಲ್ಲಿರುವುದು ಲೈಸೆನ್ಸ್ ಮಾತ್ರ, ಹೊತ್ತರೆ ಮಾತ್ರ ಕಾಸು. ಸೊಂಟ ಹಿಡಿದುಕೊಂಡ ದಿನ ಅದೂ ಇಲ್ಲ. ಮೊದಲು ಸರಿಯಾಗಬೇಕಾದ್ದು ಇದು.