ಸೊಸೆಯಂದಿರ ತವರೂರಿಲ್ಲದ ವಂಶವೃಕ್ಷ

ವಂಶವೃಕ್ಷ ಎಂದರೆ ನಮ್ಮ ಮಂಡ್ಯದ ಕಡೆ ಬಹುಪಾಲು ಜನರಿಗೆ ನೆನಪಾಗುವುದು ನಾಡಕಚೇರಿ. ತಂದೆ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗಾಗಿ ಪಡೆಯುವ ಆ ಕಾಗದವನ್ನು ಪಹಣಿಯ ಜೊತೆ ಟ್ರಂಕಿಗೆ ಹಾಕಿದರೆ, ಮತ್ತೆ ಹೊರತೆಗೆಯುವುದು ಪಾಲಿನ ಜಗಳ ಬಂದಾಗಲೇ. ಹೀಗಿರುವಾಗ ಆಸ್ತಿಯ ಮಾತೇ ಇಲ್ಲದೆ, ಊರಿನ ಚರಿತ್ರೆ ತಿಳಿಯಬೇಕೆಂದು ಸುತ್ತಲಿನ ಹಳ್ಳಿಗಳವರು ಸೇರಿ ತಮ್ಮ ವಂಶಾವಳಿ ಬರೆಯಲು ಕುಳಿತಿರುವುದು ಸಂತೋಷದ ಸಂಗತಿ. ನಾನೂ ಆ ಗುಂಪಿನಲ್ಲಿದ್ದೇನೆ. ಆದರೆ ನಾವು ಬರೆಯುತ್ತಿರುವ ಕ್ರಮದ ಬಗ್ಗೆ ನನ್ನದೊಂದು ತಕರಾರಿದೆ.

ನಮ್ಮ ಪಟ್ಟಿಗಳಲ್ಲಿ ಇರುವುದು ಗಂಡಸರ ಹೆಸರುಗಳು ಮಾತ್ರ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ವಾಡಿಕೆಯಿಂದಾಗಿ ನಾಲ್ಕು ತಲೆಮಾರು ದಾಟುವಷ್ಟರಲ್ಲಿ ಸಿದ್ದೇಗೌಡ, ಮಾದೇಗೌಡ, ಮತ್ತೆ ಸಿದ್ದೇಗೌಡ ಎಂದಾಗಿ, ಯಾರು ಯಾವ ಕಾಲದವರೆಂಬುದೇ ತಿಳಿಯುವುದಿಲ್ಲ. ಈ ಹೆಸರುಗಳಿಂದ ಮನೆಯವರು ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಒಕ್ಕಲೋ, ಮಲೆಯ ಮಾದಪ್ಪನ ಒಕ್ಕಲೋ ಎಂಬ ಸುಳಿವು ಸಿಕ್ಕೀತು, ಅದು ಸಣ್ಣದೇನಲ್ಲ. ಆದರೆ ಒಂದು ಊರು ಬೇರೆ ಊರುಗಳೊಡನೆ ಹೇಗೆ ಬದುಕಿತೆಂದು ತಿಳಿಯಬೇಕಾದರೆ ಆ ಊರಿಗೆ ಸೊಸೆಯರಾಗಿ ಬಂದವರ ತವರೂರುಗಳನ್ನು ಬರೆಯಬೇಕು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿದಾಗ ಅಲ್ಲಿನ ಸಂಬಂಧಗಳು ಯಾವ ಊರುಗಳಿಗೆ ಹರಡಿದವು? ವಿಶ್ವೇಶ್ವರಯ್ಯ ನಾಲೆ ಬರುವ ಮೊದಲು, ಬರೀ ರಾಗಿ ಬೆಳೆಯುತ್ತಿದ್ದ ಊರಿಗೆ ಹೆಣ್ಣು ಕೊಡುತ್ತಿದ್ದವರು ಯಾರು. ಗದ್ದೆಯಾಗಿ, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿಯೂ ಬಂದು, ಕಬ್ಬಿನ ದುಡ್ಡು ಓಡಾಡತೊಡಗಿದ ಮೇಲೆ ಕೊಟ್ಟವರು ಯಾರು? ಕಂದಾಯ ಕಟ್ಟಿದವರ ಹೆಸರಿರುವ ಶಾನುಭೋಗರ ಲೆಕ್ಕಗಳಲ್ಲಿ ಇದಕ್ಕೆ ಉತ್ತರವಿಲ್ಲ. ಭೂಮಿಯೇ ಇಲ್ಲದಿದ್ದ ಕೇರಿಗಳವರ ಪಾಲಿಗಂತೂ ನೆನಪೊಂದೇ ದಾಖಲೆ, ಆ ನೆನಪನ್ನು ಹೆಚ್ಚಾಗಿ ಉಳಿಸಿಕೊಂಡಿರುವವರು ಹೆಂಗಸರು.

ನಮ್ಮದೇ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೋಡಿ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದ ನಂತರ ಗಂಗರ ದೊರೆ ಬೂತುಗನಿಂದ ಅವನ ವೀರ ಮಣಲೇರನು ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತೆಂದು ಕ್ರಿ.ಶ. 949–50ರ ಸುಮಾರಿಗೆ ನಿಲ್ಲಿಸಿದ ಕಲ್ಲು ಅದು. ಸಾವಿರ ವರ್ಷಗಳ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ಮುತ್ತಜ್ಜಿಯ ಹೆಸರು ಕೇಳಿದರೆ ಗುಂಪಿನ ಹಿರಿಯರೂ ಪಕ್ಕದವರ ಮುಖ ನೋಡುತ್ತಾರೆ.

ಕೊಟ್ಟ ಹೆಣ್ಣು ಬೇರೆ ಮನೆಯವಳು, ನಮ್ಮ ವಂಶಾವಳಿಯಲ್ಲಿ ಅವಳೇಕೆ ಎಂದು ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ವಾದವನ್ನು ಒಪ್ಪಲಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕಾದಾಗ ಅದೇ ಹೆಣ್ಣುಮಗಳ ಮನೆಯನ್ನು ಹುಡುಕಿಕೊಂಡು ಹೋಗುವುದು ನಮಗೆ ಕಷ್ಟವಾಗಿಲ್ಲ.

ಆದ್ದರಿಂದ ಮುಂದಿನ ಸಭೆಗೆ ಬರುವವರು ಪ್ರತಿ ತಲೆಮಾರಿನ ಹೆಂಗಸರ ಹೆಸರು, ತವರೂರು, ತವರಿನ ಮನೆದೇವರು ಈ ಮೂರನ್ನೂ ಬರೆದುಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಅಜ್ಜಿಯೋ ಸೋದರತ್ತೆಯೋ ಇದ್ದರೆ ಅವರ ಬಳಿ ಬಿಡುವಾಗಿ ಕುಳಿತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.