ಫ್ರಿಜ್ಜಿನ ಮುಂದೆ ಒಂದು ಜೊತೆ ಚಪ್ಪಲಿ

ನಮ್ಮ ಫ್ರಿಜ್ ಮುಟ್ಟಿದರೆ ಜುಂ ಅನ್ನುತ್ತದೆ. ಅದಕ್ಕೆ ಮನೆಮಂದಿಯೆಲ್ಲ ಸೇರಿ ಕಂಡುಕೊಂಡ ಮದ್ದು ಒಂದು ಜೊತೆ ರಬ್ಬರ್ ಚಪ್ಪಲಿ. ಹಗಲೂ ರಾತ್ರಿ ಅದು ಫ್ರಿಜ್ಜಿನ ಮುಂದೆಯೇ ಇರುತ್ತದೆ. ನೆಂಟರಿಗೂ ಆಗಲಿ ಅಂತ ದೊಡ್ಡ ಸೈಜಿನದೇ ತಂದಿದ್ದೇವೆ.

ನಮ್ಮದೊಂದೇ ಮನೆಯಲ್ಲ ಬಿಡಿ. ಶಾಕ್ ಹೊಡೆಯುತ್ತದೆ ಅಂದರೆ ಯಾರೂ ಬೆಚ್ಚುವುದಿಲ್ಲ, 'ನಮ್ಮದು ವಾಷಿಂಗ್ ಮಷೀನು' ಅಂತ ಹೆಮ್ಮೆಯಿಂದ ಲೆಕ್ಕ ಸೇರಿಸುತ್ತಾರೆ.

ಎಲೆಕ್ಟ್ರಿಷಿಯನ್ ಬಂದ. ಟೆಸ್ಟರ್ ಇಟ್ಟ, ದೀಪ ಉರಿಯಿತು. "ಕರೆಂಟ್ ಬರ್ತಾ ಇದೆ ಸಾರ್" ಅಂದ. ಟೆಸ್ಟರಿನ ದೀಪ ಉರಿಯುವುದು ಹಿಡಿದವರ ಮೈಯ ಮೂಲಕ ಹಾಯುವ ಚೂರು ಕರೆಂಟಿನಿಂದಲೇ. ಆ ಕೆಲಸ ನಾವು ಆರು ತಿಂಗಳಿಂದ ಮಾಡುತ್ತಿದ್ದೆವು, ನಮಗೆ ದೀಪ ಇರಲಿಲ್ಲ ಅಷ್ಟೆ.

ಎರಡನೆಯವನು ಮೀಟರ್ ತಂದ. 110 ವೋಲ್ಟ್! "230ರಲ್ಲಿ ಅರ್ಧ ಮಾತ್ರ, ಭಯ ಬೇಡ" ಅಂದ. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು, ಇಲ್ಲದ ಉಪಕರಣದ ಮೈಮೇಲೆ ಕರೆಂಟಿನ ಗದ್ದಲ ಸೋಸಲು ಒಳಗೆ ಇಟ್ಟ ಫಿಲ್ಟರ್ ಕೆಪಾಸಿಟರುಗಳಿಂದಲೂ ಹೀಗೆ ಅರ್ಧ ವೋಲ್ಟೇಜ್ ಕಾಣಬಹುದು, ಒಳಗೆ ನಿಜವಾಗಿಯೇ ಇನ್ಸುಲೇಶನ್ ಕೆಟ್ಟಿರಲೂಬಹುದು. ಯಾವುದು ಅಂತ ತಿಳಿಯಲು ಪ್ಲಗ್ ಕಿತ್ತು ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿಯಬೇಕು. ಅವನು ಪ್ಲಗ್ಗನ್ನೇನೋ ಕಿತ್ತ, ತಿರುಗಿಸಿ ಹಾಕಿದ. ಜುಮ್ಮು ಕಡಿಮೆಯಾಯಿತು. ಅವನ ಲೆಕ್ಕದಲ್ಲಿ ರಿಪೇರಿ ಮುಗಿಯಿತು.

ಮೂರು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದ್ದು ಹೇಗೆ ಅಂತೀರಾ? ಮೂರನೆಯ, ಅರ್ಥಿಂಗಿನ ಪಿನ್ ಎಲ್ಲಿತ್ತು? ಮೊದಲು ಸೇರಿ ಕೊನೆಗೆ ಬಿಡಲಿ ಅಂತಲೇ ಅದನ್ನು ಉದ್ದವಾಗಿ ಮಾಡಿರುತ್ತಾರೆ. ಅಡಾಪ್ಟರಿಗೆ ಹೋಗುತ್ತಿಲ್ಲ ಅಂತ ನಾವು ಅದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದಿದ್ದೆವು. ಬೋರ್ಡ್ ಬಿಚ್ಚಿದರೆ ಅರ್ಥಿಂಗಿನ ಹಸಿರು ವೈರು ಟೇಪ್ ಸುತ್ತಿಸಿಕೊಂಡು ಮೂಲೆಯಲ್ಲಿ ಮಡಚಿ ಮಲಗಿತ್ತು. "ನ್ಯೂಟ್ರಲ್‌ಗೇ ಸೇರಿಸಿಬಿಡಿ, ಎರಡೂ ಒಂದೇ" ಅಂದರು ಪಕ್ಕದ ಮನೆಯವರು. ಹಾಗೆ ಸೇರಿಸಿದ ಮೇಲೆ ಎಲ್ಲೋ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸು ಹೋಗುವ ವೈರು, ಕಡಿದರೆ ಫ್ರಿಜ್ಜಿನ ಮೈಗೆ ಪೂರ್ತಿ 230 ಬರುತ್ತದೆ. ಆಗ ಅರ್ಧದ ಸಮಾಧಾನವೂ ಇಲ್ಲ.

"ಎಂಸಿಬಿ ಇದೆಯಲ್ಲ" ಅನ್ನುವವರೂ ಇದ್ದಾರೆ. ಕರೆಂಟು ಹೆಚ್ಚಾದರೆ ತಾನಾಗಿ ಬೀಳುವ ಆ ಸ್ವಿಚ್ಚು ಇರುವುದು ವೈರು ಸುಡದಿರಲಿ ಅಂತ. 16 ಆಂಪಿಯರಿನ ಎಂಸಿಬಿ ಆ ಮಿತಿ ದಾಟುವ ತನಕ ಮಿಸುಕುವುದಿಲ್ಲ, ಮನುಷ್ಯನ ಎದೆಗೆ ಅದರ ನೂರನೆಯ ಒಂದು ಪಾಲೂ ಅಪಾಯ. ಜೀವ ಕಾಯಲು ಬೇರೆಯೇ ಸ್ವಿಚ್ಚಿದೆ, ಆರ್‌ಸಿಸಿಬಿ ಅಂತ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಬಿದ್ದುಬಿಡುತ್ತದೆ.

ಅದನ್ನೂ ಹಾಕಿಸಿದ್ದೆವು. ಗೀಸರ್ ಹಾಕಿದಾಗಲೆಲ್ಲ ಬೀಳುತ್ತಿತ್ತು. 'ಪೀಸೇ ಸರಿಯಿಲ್ಲ' ಅಂತ ತೆಗೆಸಿದೆವು. ಈಗ ಬಚ್ಚಲಿನ ನಲ್ಲಿ ಮುಟ್ಟಿದರೂ ಜುಂ ಅನ್ನುತ್ತಿದೆ. ಇನ್ನೊಂದು ಜೊತೆ ತಂದಿದ್ದೇವೆ.